ಕೊಯ್ದ ಕುರಿ ಒಂದು ದಿನ ತೂಗುಹಾಕಿ ಸುಟ್ಟೆ: ನನ್ನ ಅನುಭವ

ಹೋದ ತಿಂಗಳು ಮಟನ್ ಅಂಗಡಿ ಚಾಚಾ ತಾವೇ ಬಂದು ನಮ್ಮ ಹೋಟೆಲಿನ ಹಿಂಬಾಗಿಲು ಬಡಿದರು. "ನನ್ನವೂ ಎರಡು ಮರಿ ನಿನ್ನ ಎಸಿ ರೂಮಿನ್ಯಾಗ ತೂಗುಹಾಕ್ತೀಯೇನಪಾ? ಬಾಡಿಗಿ ಎಷ್ಟು ಹೇಳು" ಅಂದರು. ಕೆಲವು ವರ್ಷದ ಹಿಂದೆ ಇದೇ ಚಾಚಾ ಬಳ್ಳಾರಿ ಕೌಲ್ ಬಜಾರಿನ ತಮ್ಮ ಅಂಗಡಿ ಮುಂದೆ, ನಾಲ್ಕು ಗಿರಾಕಿಗಳು ನಿಂತಿರುವಾಗಲೇ, "ಬಿಸಿ ಮಾಂಸ ತಿನ್ನೋ ಊರಿಗೆ ತಂಗಳ ಮಾಂಸ ತಿನ್ನಸ್ತಾನಂತ. ಬೆಂಗಳೂರಿಗೆ ಹೋಗಿ ತಲಿ ಕೆಡಿಸ್ಕೊಂಡು ಬಂದಾನ" ಅಂತ ನಕ್ಕಿದ್ದರು. ಆ ನಗು ಇನ್ನೂ ಕಿವಿಯಲ್ಲಿದೆ, ಅದಕ್ಕೇ ಇದನ್ನು ಬರೀತಿದ್ದೀನಿ. ಮಟನ್ ಹೋಟೆಲ್ ನಡೆಸುವವರಿಗೆ ಮರಿ ಆರಿಸೋದು, ಕತ್ತಿ ಮಸೆಯೋದು ನಾನು ಕಲಿಸಬೇಕಿಲ್ಲ. ನಾನು ಎಲ್ಲೆಲ್ಲಿ ದುಡ್ಡು ಕಳಕೊಂಡೆ ಅನ್ನೋದನ್ನಷ್ಟೇ ಹೇಳ್ತೀನಿ.

ದನ, ಎಮ್ಮೆ ಮಾಂಸದ ದಪ್ಪ ತುಂಡು ಸುಟ್ಟು ಕೊಡೋ ಬೆಂಗಳೂರಿನ ಒಂದು ಸ್ಟೇಕ್‌ಹೌಸಿನಲ್ಲಿ ನಾಲ್ಕು ವರ್ಷ ಗ್ರಿಲ್ ಮುಂದೆ ನಿಂತವನು ನಾನು. ಅಲ್ಲಿಗೆ ಬರ್ತಿದ್ದ ಅಂಡರ್‌ಕಟ್, ಅಂದರೆ ಬೆನ್ನೆಲುಬಿನ ಕೆಳಗಿನ ಮಾಂಸ, ಒಂದು ದಿನ ಬೆಣ್ಣೆ, ಇನ್ನೊಂದು ದಿನ ಚಪ್ಪಲಿ. ಅದೇ ಬೆಂಕಿ, ಅದೇ ಕೈ. ನಮ್ಮ ಹಿರಿಯ ಕುಕ್ ಹೆಬ್ಬೆರಳಿಂದ ಒತ್ತಿ ನೋಡಿ, "ಇದಿನ್ನೂ ಸೆಟೆದಿದೆ, ಒಳಗಿಡು" ಅಂತ ವಾಪಸ್ ಕಳಿಸ್ತಿದ್ದ. ನಾನು ಕಲಿತಿದ್ದು ಅಷ್ಟೇ, ಆ ಹೆಬ್ಬೆರಳು. ಇನ್ನೊಂದೂ ಕಲಿತೆ: ಮೆನು ಕಾರ್ಡಿನ ಹೊಳಪಿಗೂ ಫ್ರಿಜ್ಜಿನೊಳಗಿನ ವಾಸನೆಗೂ ಸಂಬಂಧ ಇರಲೇಬೇಕು ಅಂತೇನಿಲ್ಲ. ಸಾವಿರ ರೂಪಾಯಿ ಪ್ಲೇಟಿನ ಮಾಂಸವನ್ನು ಕೈ ತೊಳೆಯೋ ಸಿಂಕಿನಲ್ಲಿ ಕರಗಲಿಕ್ಕೆ ಬಿಟ್ಟಿದ್ದನ್ನು ಕಣ್ಣಾರೆ ಕಂಡಿದ್ದೀನಿ. 2021ರ ಜನವರಿಯಲ್ಲಿ ಜಾನುವಾರು ಹತ್ಯೆ ಕಾನೂನು ಬಿಗಿಯಾದ ಮೇಲೆ ಕೊಯ್ಯಲಿಕ್ಕೆ ಉಳಿದಿದ್ದು 13 ವರ್ಷ ದಾಟಿದ ಎಮ್ಮೆ, ಕೋಣ. ಅಷ್ಟು ವಯಸ್ಸಾದದ್ದರ ನಾರು ಗಂಟೆಗಟ್ಟಲೆ ಕುದಿಸಿದರೆ ಬಗ್ಗುತ್ತೆ, ಗ್ರಿಲ್ ಮೇಲೆ ಬಗ್ಗೋದಿಲ್ಲ. ನಾನು ಗಂಟು ಕಟ್ಟಿಕೊಂಡು ಬಳ್ಳಾರಿಗೆ ಬಂದೆ. ಕುರಿ ಸಾಕೋ ಸೀಮೆಯಲ್ಲಿ ಹುಟ್ಟಿ ಎಮ್ಮೆಗೆ ಯಾಕೆ ಅಳಬೇಕು?

ಮೋತಿ ಸರ್ಕಲ್ ಹತ್ತಿರ ಎಂಟು ಟೇಬಲ್ಲಿನ ಹೋಟೆಲ್ ಹಾಕಿದೆ. ಸಾರು, ಬೋಟಿ, ತಲೆಮಾಂಸ ಎಲ್ಲರೂ ಮಾಡ್ತಾರೆ. ನನ್ನದು ಕೆಂಡದ ಮೇಲೆ ಸುಟ್ಟ ಚಾಪ್ಸ್. ಇದ್ದಿಲು ಬಳ್ಳಾರಿ ಜಾಲಿಯದ್ದು; ಊರ ಹೆಸರು ಹೊತ್ತ ಮುಳ್ಳುಗಿಡ ಇದೊಂದಕ್ಕಾದರೂ ಆಯ್ತು. ಮೊದಲ ವಾರವೇ ತೋರಣಗಲ್ಲು ಕಡೆಯಿಂದ ಬಂದ ಒಬ್ಬ ಇಂಜಿನಿಯರ್ ಎರಡು ತುತ್ತು ಅಗಿದು ತಟ್ಟೆ ಸರಿಸಿ, "ಅಣ್ಣಾ, ರುಚಿ ಐತೆ, ಹಲ್ಲು ಸಾಲ್ತಿಲ್ಲ" ಅಂದ. ಬೆಳಗಿನ ಜಾವ 5ಕ್ಕೆ ಕೊಯ್ದ ಮರಿ, ರಾತ್ರಿ 8ಕ್ಕೆ ತಟ್ಟೆಗೆ. ಅದಕ್ಕಿಂತ ತಾಜಾ ಇನ್ನೇನು ಬೇಕು ಅಂದುಕೊಂಡಿದ್ದೆ.

ಇಲ್ಲೇ ಇತ್ತು ನೋಡಿ ಗಂಟು. ಚಾಚಾ ಹೇಳೋದು ಸುಳ್ಳಲ್ಲ. ಜಾತ್ರೆಯಲ್ಲಿ ಕೊಯ್ದ ಗಂಟೆಯೊಳಗೆ ಕೊಪ್ಪರಿಗೆಗೆ ಬೀಳೋ ಬಿಸಿ ಮಾಂಸ ಮೆತ್ತಗೇ ಇರುತ್ತೆ, ಅದಿನ್ನೂ ಸೆಟೆದಿರೋದಿಲ್ಲ. ಸೆಟೆಯೋದು ಆಮೇಲೆ, ಮಧ್ಯಾಹ್ನದ ಹೊತ್ತಿಗೆ. ಆ ಬಿಗಿ ಸಡಿಲ ಆಗಲಿಕ್ಕೆ ಒಂದು ದಿನದ ಮೇಲೆ ಬೇಕು. ನಾವು ಹೋಟೆಲಿನವರು ಸರಿಯಾಗಿ ಸೆಟೆದ ಹೊತ್ತಿಗೇ ಕಡಿದು ಬೇಯಿಸೋದು. ಸಾರಿನಲ್ಲಿ ಕುಕ್ಕರ್ ಮಾನ ಉಳಿಸುತ್ತೆ, ಕೆಂಡ ಉಳಿಸೋದಿಲ್ಲ.

ಮೊದಲನೇ ಪೆಟ್ಟು: ಬುದ್ಧಿವಂತಿಕೆ ಮಾಡಿ ಬೆಳಿಗ್ಗೆ 7ಕ್ಕೆ ಇಡೀ ಮರಿಯನ್ನು ಡೀಪ್ ಫ್ರೀಜರಿಗೆ ಹಾಕಿದೆ. ಮರುದಿನ ತೆಗೆದು ಸುಟ್ಟರೆ ಮೊದಲಿಗಿಂತ ಗಟ್ಟಿ. ಕರಗುವಾಗ ಕೆಂಪು ನೀರು ಬೋಗುಣಿ ತುಂಬ. ಬೀದರಿನಲ್ಲಿ ಪಶುವೈದ್ಯ ಓದಿದ ಗೆಳೆಯನಿಗೆ ಫೋನ್ ಮಾಡಿದರೆ ಬಿದ್ದು ಬಿದ್ದು ನಕ್ಕ. ಪ್ರಾಣ ಹೋದ ಮೇಲೂ ಮಾಂಸದಲ್ಲಿ ಕಸುವು ಇರುತ್ತಂತೆ, ಆ ಹೊತ್ತಿನಲ್ಲಿ ಥಂಡಿ ಹೊಡೆದರೆ ನಾರು ಮುದುಡಿ ಹಾಗೇ ಗಂಟಾಗುತ್ತಂತೆ. ಕುರಿಗೆ ಮೈ ಚಿಕ್ಕದು, ಕೊಬ್ಬಿನ ಹೊದಿಕೆ ತೆಳು, ಬೇಗ ಥಂಡಿ ಹಿಡಿಯುತ್ತೆ. ಕುರಿಮಾಂಸ ಹೊರದೇಶಕ್ಕೆ ಮಾರೋ ನ್ಯೂಜಿಲೆಂಡಿನವರು 1960ರ ದಶಕದಲ್ಲೇ ಇದನ್ನು ಕಂಡುಕೊಂಡಿದ್ದರಂತೆ. "ಮೊದಲ ಹತ್ತು ಗಂಟೆ ಹತ್ತು ಡಿಗ್ರಿಗಿಂತ ಕೆಳಗೆ ಇಳಿಸಬೇಡ, ಅಷ್ಟು ನೆನಪಿಟ್ಟುಕೋ" ಅಂದ. ಅವನು ಹೇಳಿದ್ದು ಹತ್ತು ಸೆಕೆಂಡಿನ ಮಾತು. ನನಗೆ ಅಷ್ಟರಲ್ಲಿ ಮೂರು ಮರಿ, ಹತ್ತಿರ ಹತ್ತಿರ ಮೂವತ್ತು ಸಾವಿರ ಹೋಗಿತ್ತು.

ಹಾಗಂತ ಹೊರಗಿಡಲಿಕ್ಕೆ ಇದೇನು ಊಟಿಯಾ? ನಮ್ಮ ಏಪ್ರಿಲ್ಲಿನಲ್ಲಿ ನೆರಳಲ್ಲೇ ನಲವತ್ತು ದಾಟುತ್ತೆ. ಎರಡನೇ ಪ್ರಯತ್ನ ತಂಪು ಪಾನೀಯದ ಗಾಜಿನ ಫ್ರಿಜ್. ಸ್ವಚ್ಛ ಇರಲಿ ಅಂತ ಪ್ಲಾಸ್ಟಿಕ್ ಸುತ್ತಿಟ್ಟೆ. ಒಳಗೆ ಬೆವರಿ ಮರುದಿನಕ್ಕೆ ಲೋಳೆ. ಬೆರಳಿಗೆ ನೂಲು ನೂಲಾಗಿ ಬಂತು. ಅದರ ಜೊತೆ ಹುಡುಗರು ನಿಮಿಷಕ್ಕೊಮ್ಮೆ ನೀರಿನ ಬಾಟಲಿಗೆ ಬಾಗಿಲು ತೆಗೆಯೋದು. ಮಾಂಸಕ್ಕೆ ಬೇಕಿದ್ದಿದ್ದು ತಂಪಿನ ಜೊತೆ ಒಣ ಗಾಳಿ, ಅದು ತಲೆಗೆ ಹೋಗಲಿಕ್ಕೆ ಇನ್ನೂ ಎರಡು ಮರಿ ಹೋದವು. ಅವ್ವ ಒಂದು ದಿನ ನೋಡಿ, "ಖಂಡ ಒಣಗಸೋ ಮುಂದ ನಾವು ಹಗ್ಗಕ್ಕ ಹಾಕ್ತೀವಿ, ಅರಿವಿ ಸುತ್ತಿ ಇಡ್ತೀವೇನೋ ಹುಚ್ಚಾ?" ಅಂದಳು. ಉಪ್ಪು ಅರಿಶಿನ ಹಚ್ಚಿ ಗಾಳಿಗೆ ಬಿಟ್ಟ ಖಂಡ ತಿಂದು ಬೆಳೆದವನು ನಾನು. ಬೆಂಗಳೂರಿಗೆ ಹೋಗಿ ಅದನ್ನೇ ಮರೆತಿದ್ದೆ.

ಆಮೇಲೆ ಹಿಂದಿನ ಸ್ಟೋರ್ ರೂಮ್ ಖಾಲಿ ಮಾಡಿದೆ. ಎಂಟಡಿ ಎಂಟಡಿ. ಸೆಕೆಂಡ್ ಹ್ಯಾಂಡ್ ಒಂದೂವರೆ ಟನ್ ಎಸಿ ಹದಿನೆಂಟು ಸಾವಿರಕ್ಕೆ ಸಿಕ್ಕಿತು. ಗೋಡೆಗೆ ಥರ್ಮಾಕೋಲ್, ಅದರ ಮೇಲೆ ತೊಳೆಯಲಿಕ್ಕೆ ಬರೋ ಶೀಟು, ಸ್ಟೀಲ್ ರಾಡು, ಕೊಕ್ಕೆ, ಎಲ್ಲ ಸೇರಿ ಇನ್ನೊಂದು ಇಪ್ಪತ್ತೆರಡೋ ಇಪ್ಪತ್ಮೂರೋ ಸಾವಿರ ಆಯ್ತು. ಎಸಿ 16ಕ್ಕೆ ಇಟ್ಟರೆ ಚಳಿಗಾಲದಲ್ಲಿ ರೂಮು 17ರಲ್ಲಿ ನಿಲ್ಲುತ್ತೆ, ಮೇ ತಿಂಗಳಲ್ಲಿ 20ರ ಕೆಳಗೆ ಇಳಿಯಲ್ಲ. ಮೇನಲ್ಲಿ ಏನು ಮಾಡ್ತೀನಿ ಅನ್ನೋದು ನನ್ನ ಹತ್ತಿರವೇ ಇರಲಿ. ಗೋಡೆಗೆ ಒಂದು ಟೇಬಲ್ ಫ್ಯಾನ್, ನೇರ ಮಾಂಸದ ಮೇಲಲ್ಲ, ಗೋಡೆಗೆ ಬಡಿದು ಬರೋ ಹಾಗೆ. ಶನಿವಾರ ಬೆಳಿಗ್ಗೆ 5ಕ್ಕೆ ಕೊಯ್ದದ್ದು ಮಧ್ಯಾಹ್ನ 3ರ ತನಕ ಅಲ್ಲಿ. ಆಮೇಲೆ ತಟ್ಟೆಗಳನ್ನು ಕಿತ್ತು ರಾಡು ಕೂರಿಸಿದ ಇನ್ನೊಂದು ಫ್ರಿಜ್ಜಿಗೆ (ಕೂಲರ್ ಅಂತೀವಿ), 2ರಿಂದ 4 ಡಿಗ್ರಿ. ಭಾನುವಾರ ಸಂಜೆ 6ಕ್ಕೆ ಕತ್ತಿಗೆ. ಆ ಕೂಲರಿಗೆ ಬೀಗ ಇದೆ, ಕೀಲಿ ನನ್ನ ಉಡಿದಾರದಲ್ಲಿದೆ.

ನೀರು ಮಾತ್ರ ತಾಕಿಸಬೇಡಿ. ಅಂಗಡಿಗಳಲ್ಲಿ ಹೊಳೀಲಿ ಅಂತ ಮಗ್ಗಿಂದ ನೀರು ಹೊಡೀತಾರೆ, ತೂಕವೂ ಬರುತ್ತೆ. ತೂಗುಹಾಕೋ ಮಾಲಿಗೆ ಅದು ವಿಷ. ಚಾಚಾನಿಗೆ ಕೈಮುಗಿದು ಹೇಳಿದೆ: "ಕೂದಲು ಇದ್ರ ಚಿಮಟಿಯಿಂದ ತಗೀತೀನಿ, ನೀರು ಬ್ಯಾಡ." ಸರಿ ಬಂದ ಮಾಲಿನ ಮೈ ಬೆರಳಿಗೆ ಹಪ್ಪಳದಂತೆ ಒಣಗಿರುತ್ತೆ, ಕೊಬ್ಬು ಮೇಣದ ಹಾಗೆ. ನಾನು ಕತ್ತಿ ಹಾಕೋ ಮುಂಚೆ ತೆಳುವಾದ ಸ್ಟೀಲ್ ಕಡ್ಡಿ ತೊಡೆಯ ಮೂಳೆ ಪಕ್ಕ ಚುಚ್ಚಿ ಹೊರಗೆಳೆದು ಮೂಸ್ತೀನಿ. ಮೇಲೆ ಚೆನ್ನಾಗಿ ಕಂಡ ಮಾಲು ಒಳಗೆ ಮೂಳೆ ಬುಡದಲ್ಲಿ ಕೆಟ್ಟಿರಬಹುದು, ತೊಡೆಯ ದಪ್ಪಕ್ಕೆ ತಂಪು ಕೊನೆಗೆ ತಲುಪುತ್ತೆ. ಹುಡುಗರು ನನಗೆ ಕಡ್ಡಿ ಡಾಕ್ಟರ್ ಅಂತ ಹೆಸರಿಟ್ಟಿದ್ದಾರೆ. ಇಟ್ಟುಕೊಳ್ಳಲಿ ಬಿಡಿ.

ಇಷ್ಟೆಲ್ಲಾ ಆದರೂ ಮೂರು ವಾರಕ್ಕೊಮ್ಮೆ ಒಂದು ಮರಿ ಕಪ್ಪಗೆ, ಅಂಟಂಟಾಗಿ ಬರ್ತಿತ್ತು, ಬೇಗ ಹಳಸ್ತಿತ್ತು. ರೂಮು ಅದೇ, ಎಸಿ ಅದೇ. ಎರಡು ತಿಂಗಳು ತಲೆ ಕೆರಕೊಂಡೆ. ಕೊನೆಗೆ ಡೈರಿ ತಿರುವಿ ನೋಡಿದರೆ ಕೆಟ್ಟಿದ್ದೆಲ್ಲಾ ಸಂತೆಯಿಂದ ಟೆಂಪೋದಲ್ಲಿ ಒತ್ತಿ ತುಂಬಿಕೊಂಡು ಬಂದು ಅದೇ ರಾತ್ರಿ ಕೊಯ್ದವು. ಬೆದರಿ, ಬಳಲಿ, ಮೈಯ ಕಸುವೆಲ್ಲಾ ದಾರಿಯಲ್ಲೇ ಸುಟ್ಟುಕೊಂಡ ಕುರಿ. ಅಂಥ ಮಾಂಸದಲ್ಲಿ ಹುಳಿ ಏರೋದಿಲ್ಲ, ಹುಳಿ ಏರದ ಮಾಂಸ ಬಾಳೋದಿಲ್ಲ. ಈಗ ಗುರುವಾರವೇ ಮರಿ ತರ್ತೀನಿ. ಎರಡು ರಾತ್ರಿ ನೆರಳು, ಮೇವು, ನೀರು. ಕೊಯ್ಯೋ ಹಿಂದಿನ ರಾತ್ರಿ ಮೇವು ಬಂದ್, ನೀರು ಮಾತ್ರ. ಪ್ರಯೋಗಾಲಯದ ಸಾಮಾನಿನ ಅಂಗಡಿಯಲ್ಲಿ ಸಿಗೋ, ಹುಳಿ ಅಳೆಯೋ ಪಿಎಚ್ ಕಾಗದ ಮರುದಿನ ಮಾಂಸಕ್ಕೆ ಒತ್ತಿ ನೋಡಿ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ: ಐದೂವರೆ, ಐದೂಮುಕ್ಕಾಲು ಬಂದರೆ ನಿಶ್ಚಿಂತೆ. ಆರು ದಾಟಿತು ಅಂದರೆ ತೂಗುಹಾಕಬೇಡಿ, ಅವತ್ತೇ ಸಾರು ಮಾಡಿ ಮುಗಿಸಿ. ನನ್ನ ಇಡೀ ಕೆಲಸದಲ್ಲಿ ಖರ್ಚಿಲ್ಲದ ಉಪಾಯ ಮರಿಗೆ ಹೀಗೆ ದಣಿವಾರಿಸೋದೊಂದೇ, ಅದೇ ಕೊನೆಗೆ ಹೊಳೆದಿದ್ದು.

ನಡುವೆ ಕೆಲವು ಹುಚ್ಚಾಟ ಆಡಿದೆ. ಮಾಂಸ ಮೆತ್ತಗಾಗಲಿ ಅಂತ ಪಪ್ಪಾಯಿ ಕಾಯಿ ಹಚ್ಚೋದು ಎಲ್ಲರಿಗೂ ಗೊತ್ತು, ಅರ್ಧ ಗಂಟೆ ಮೀರಿದರೆ ಮಾಂಸ ಮೇಲೆ ಗಂಜಿ, ಒಳಗೆ ಕಲ್ಲು. ನಮ್ಮ ಕಡೆ ಅಂಜೂರದ ತೋಟಗಳಿವೆಯಲ್ಲ, ಎಳೆ ಕಾಯಿ ಮುರಿದರೆ ಬರೋ ಹಾಲಿಗೂ ಅದೇ ಗುಣ. ಒಂದು ಕಿಲೋ ಮಾಂಸಕ್ಕೆ ಆರೇಳು ಹನಿ ಹಾಕಿ ಊಟಕ್ಕೆ ಕೂತೆ. ಎದ್ದು ಬರೋದರಲ್ಲಿ ಚಾಪ್ಸ್ ಮೂಳೆ ಬಿಟ್ಟು ಜಾರುತ್ತಿತ್ತು. ಕೈಮೇಲೆ ಬಿದ್ದ ಹಾಲಿಗೆ ಎರಡು ದಿನ ಉರಿ ಬೇರೆ. ಸ್ಟೇಕ್‌ಹೌಸಿನ ಗತ್ತಿನಲ್ಲಿ ಒಂದು ತೊಡೆಯನ್ನು ಹದಿನಾಲ್ಕು ದಿನ ತೂಗುಹಾಕಿಯೂ ನೋಡಿದೆ. ದನದ ಬೆನ್ನಿಗೆ ಹೊದಿಕೆಯ ಹಾಗೆ ಕೊಬ್ಬು ಇರುತ್ತೆ, ಅದಕ್ಕೆ ನಡೆಯುತ್ತೆ. ಕುರಿಗೆ ಆಗಲ್ಲ. ಒಣಗಿದ್ದು ಕೆತ್ತಿ ತೆಗೆದರೆ ಉಳಿದಿದ್ದು ಅರ್ಧ, ಅದಕ್ಕೆ ಮಳೆಯಲ್ಲಿ ನೆಂದ ಕಂಬಳಿ ವಾಸನೆ. ಮನೆಯಾಕಿ ಆ ಬೋಗುಣಿಯನ್ನೇ ಹೊರಗಿಟ್ಟಳು.

ಬಣ್ಣದ ವಿಷಯ ಒಂದೇ ಮಾತು. 2024ರ ಜೂನಿನಲ್ಲಿ ಸರ್ಕಾರ ಕಬಾಬಿಗೆ ಕೃತಕ ಬಣ್ಣ ನಿಷೇಧಿಸಿದಾಗ ಸುತ್ತಲಿನವರು ಹೌಹಾರಿದರು. ನನ್ನ ಚಿಕನ್ ಕಬಾಬಿಗೆ ಮೊದಲಿಂದಲೂ ಬ್ಯಾಡಗಿ ಮೆಣಸಿನಕಾಯಿಯೇ, ನೆನೆಸಿ ರುಬ್ಬಿದ್ದು. ಖಾರ ಕಡಿಮೆ, ಕೆಂಪು ಜಾಸ್ತಿ. ಚಾಪ್ಸಿಗೆ ಹಚ್ಚೋ ಮಸಾಲೆ ಕೇಳಬೇಡಿ, ಉಪ್ಪು ಯಾವಾಗ ಹಚ್ಚೋದು ಅನ್ನೋದನ್ನಂತೂ ನಮ್ಮ ಹುಡುಗರಿಗೂ ಹೇಳಿಲ್ಲ.

ದೊಡ್ಡ ಪೆಟ್ಟು ಬಿದ್ದಿದ್ದು 2023ರ ಬೇಸಿಗೆಯಲ್ಲಿ. ಶನಿವಾರ ರಾತ್ರಿ ಕರೆಂಟ್ ಹೋಯ್ತು, ಇನ್ವರ್ಟರ್ ಎರಡು ತಾಸಿಗೆ ಕೈಕೊಟ್ಟಿತು, ಕಾವಲಿಗೆ ಮಲಗಿದ್ದ ಹುಡುಗ ಏಳಲಿಲ್ಲ. ಬೆಳಿಗ್ಗೆ ಕೂಲರ್ 19 ತೋರಿಸ್ತಿತ್ತು. ಒಳಗೆ ನಾಲ್ಕು ಮರಿ, ನಲವತ್ತು ಸಾವಿರದ ಮಾಲು. ನೋಡಲಿಕ್ಕೆ ಏನೂ ಆಗಿರಲಿಲ್ಲ. ವಾಸನೆಯೂ ಇಲ್ಲ.

"ರೀ, ಕುಕ್ಕರಿಗೆ ಹಾಕಿ ಚೆಂದಂಗ ಕುದಿಸಿದ್ರ ಎಲ್ಲಾ ಸಾಯ್ತಾವಲ್ರೀ" ಅಂದಳು ಮನೆಯಾಕಿ.

ಕ್ರಿಮಿ ಸಾಯ್ತಾವೆ, ನಿಜ. ಆದರೆ ಕೆಲವು ಕ್ರಿಮಿ ಸಾಯೋ ಮುಂಚೆ ಉಗುಳಿ ಹೋದ ವಿಷ ಕುದಿಸಿದರೂ ಹೋಗೋದಿಲ್ಲ. ಕೈಯ ಗಾಯದಿಂದ, ಮೂಗಿನಿಂದ ಬರೋ ಜಾತಿ ಅಂಥದ್ದು. ಎಷ್ಟು ಹೊತ್ತಿಗೆ 5 ಡಿಗ್ರಿ ದಾಟಿತು ಅಂತ ಗೊತ್ತಿದ್ದಿದ್ದರೆ ಯೋಚಿಸ್ತಿದ್ದೆ, ಗೊತ್ತಿರಲಿಲ್ಲ. ಹೊಲದಲ್ಲಿ ಗುಂಡಿ ತೋಡಿಸಿ ಸುಣ್ಣ ಹಾಕಿ ಹೂಳಿಸಿದೆ. ಅವತ್ತು ರಾತ್ರಿ ಊಟ ಇಳಿಯಲಿಲ್ಲ. ಮರುದಿನವೇ ಸಾವಿರ ರೂಪಾಯಿ ಒಳಗಿನ ಅಲಾರಂ ಡಬ್ಬಿ ತಂದೆ, 6 ಡಿಗ್ರಿ ದಾಟಿದರೆ ಓಣಿಗೆಲ್ಲಾ ಕೇಳೋ ಹಾಗೆ ಕೂಗುತ್ತೆ. ಸಾವಿರದ ಸಾಮಾನು ಮೊದಲೇ ತಂದಿದ್ದರೆ ನಲವತ್ತು ಸಾವಿರ ಉಳೀತಿತ್ತು. ಆಮೇಲೆ ಸಾಲ ಮಾಡಿ ಜನರೇಟರ್.

ಇನ್ನು ಕಟ್ಟುನಿಟ್ಟು ನಾಲ್ಕಾರು ಇವೆ. ಬೋಟಿ, ಲಿವರ್, ತಲೆ ಯಾವುದನ್ನೂ ತೂಗುಹಾಕೋದಿಲ್ಲ, ಕೊಯ್ದ ದಿನವೇ ಮುಗೀಬೇಕು. ಕೈಮಾ ಆರ್ಡರ್ ಬಂದ ಮೇಲೇ ಕೊಚ್ಚೋದು. ಇಡೀ ತುಂಡಿನಲ್ಲಿ ಹೊರಗೆ ಮಾತ್ರ ಇರೋ ಕ್ರಿಮಿ ಕೊಚ್ಚಿದರೆ ಒಳಗೆಲ್ಲಾ ಹರಡುತ್ತೆ. ಸ್ಟೇಕ್ ಒಳಗೆ ಕೆಂಪಿದ್ದರೂ ತಿಂತಾರೆ, ಕೈಮಾ ಉಂಡೆ ಹಾಗೆ ತಿನ್ನಬಾರದು ಅನ್ನೋದು ಅದಕ್ಕೇ. ನಮ್ಮೂರಲ್ಲಿ ಕೆಂಪು ಕಂಡರೆ ತಟ್ಟೆ ವಾಪಸ್ಸೇ ಬರುತ್ತೆ ಬಿಡಿ, ಹಾಗಾಗಿ ಎಲ್ಲದಕ್ಕೂ ಚುಚ್ಚೋ ಥರ್ಮಾಮೀಟರ್ 75 ತೋರಿಸಬೇಕು. ಹಸಿ ಮಾಂಸದ ಹಲಗೆಗೆ ಕೆಂಪು ಟೇಪು, ಈರುಳ್ಳಿ ನಿಂಬೆ ಹಲಗೆಗೆ ಹಸಿರು. ಅದಲುಬದಲು ಮಾಡಿದವನ ಅವತ್ತಿನ ಭತ್ಯೆ ಕಟ್.

ಲೆಕ್ಕ ಕೇಳ್ತೀರಿ ಅಂತ ಗೊತ್ತು. ಹನ್ನೆರಡು ಹದಿಮೂರು ಕಿಲೋ ಮಾಲಿಗೆ ಒಣಗಿ ಹೋಗೋದು ಮುನ್ನೂರರಿಂದ ನಾನೂರು ಗ್ರಾಂ, ಅಂದರೆ ಮರಿಗೆ ಮುನ್ನೂರು ರೂಪಾಯಿ ಗಾಳಿಗೆ. ಕರೆಂಟ್ ಬಿಲ್ ತಿಂಗಳಿಗೆ ಏಳು ಸಾವಿರದ ಹತ್ತಿರ ಏರಿತು. ಚಾಪ್ಸ್ ಪ್ಲೇಟು 240 ಇದ್ದದ್ದು 320 ಮಾಡಿದೆ, ಒಬ್ಬರೂ ಗೊಣಗಲಿಲ್ಲ. ಮೊದಲು ಭಾನುವಾರ ಇಪ್ಪತ್ತು ಪ್ಲೇಟು ಹೋದರೆ ಹೆಚ್ಚು, ಈಗ ಅರವತ್ತು ಒಂಬತ್ತು ಗಂಟೆಯೊಳಗೆ ಖಾಲಿ. ಹಲ್ಲು ಸಾಲ್ತಿಲ್ಲ ಅಂದ ಇಂಜಿನಿಯರ್ ಈಗ ಮಾವನನ್ನೂ ಕರಕೊಂಡು ಬರ್ತಾನೆ, ಆ ಹಿರಿಯರಿಗೆ ಕೆಳಗಿನ ಸಾಲಿನಲ್ಲಿ ಹಲ್ಲೇ ಇಲ್ಲ.

ಚಾಚಾನ ಮರಿಗಳಿಗೆ ಒಂದಕ್ಕೆ ನೂರು ರೂಪಾಯಿ ಅಂತ ಮಾತಾಯ್ತು. ಮದುವೆ ಆರ್ಡರಿನವರು ಸುಡಲಿಕ್ಕೆ ನನ್ನ ಥರದ್ದೇ ಮಾಲು ಬೇಕು ಅಂದಿದ್ದರಂತೆ. ಶನಿವಾರ ತಂದು ತಾವೇ ಕೊಕ್ಕೆಗೆ ಸಿಕ್ಕಿಸಿದರು, ಬೆರಳಿಂದ ಮುಟ್ಟಿ ನೋಡಿದರು, ಫ್ಯಾನು ಯಾಕೆ ಗೋಡೆಗೆ ತಿರುಗಿಸಿದ್ದೀ ಅಂತ ಕೇಳಿದರು. ನಾನು ಸುಮ್ಮನೆ ನಕ್ಕೆ. ಹೋಗುವಾಗ ಅವರ ಸೈಕಲ್ ಹ್ಯಾಂಡಲಿಗೆ ಕ್ಯಾರಿಬ್ಯಾಗ್ ನೇತಾಡ್ತಿತ್ತು, ಅರ್ಧ ತಾಸಿನ ಹಿಂದೆ ಕೊಯ್ದದ್ದು, ಇನ್ನೂ ಬಿಸಿ. "ಇದು ಮನಿಗೆ" ಅಂದರು.