ತಗ್ಗಿನ ಮನೆಗೆ ಫೋರ್ ವೀಲ್ ಡ್ರೈವ್: ಇಳಿಜಾರನ್ನು ಅಳೆದು ವಾಹನ ಆರಿಸುವ ಬಗೆ

ಕಾಸರಗೋಡು ಜಿಲ್ಲೆಯ ಮೂಡು ಭಾಗದ ಎಣ್ಮಕಜೆ, ಬೆಳ್ಳೂರು, ಕಾರಡ್ಕ, ದೇಲಂಪಾಡಿ ಪಂಚಾಯತುಗಳ ಕಡೆ ಅಡಿಕೆ ತೋಟ ತೋಡಿನ, ಅಂದರೆ ಹಳ್ಳದ, ಬದಿಯ ತಗ್ಗಿನಲ್ಲಿರುತ್ತದೆ, ಮನೆ ತೋಟಕ್ಕಿಂತ ತುಸು ಮೇಲಿರುತ್ತದೆ, ಡಾಮರು ರಸ್ತೆ ಗುಡ್ಡದ ನೆತ್ತಿಯಲ್ಲಿ ಹಾದುಹೋಗುತ್ತದೆ. ಚೆರ್ಕಳದಿಂದ ಕಲ್ಲಡ್ಕಕ್ಕೋ ಜಾಲ್ಸೂರಿಗೋ ಹೋಗುವ ರಸ್ತೆಯಲ್ಲಿ ಯಾವ ಸಣ್ಣ ಕಾರಾದರೂ ಓಡೀತು. ಅಲ್ಲಿಂದ ಕವಲೊಡೆದು ಅಂಗಳಕ್ಕೆ ಇಳಿಯುವ ಕೊನೆಯ ಅರ್ಧ ಕಿಲೋಮೀಟರೇ ನಮ್ಮ ತೊಡಕು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಜೂನ್ ತಿಂಗಳಿನಿಂದ ಆ ಅರ್ಧ ಕಿಲೋಮೀಟರು ಒಂದು ಕಡೆ ಕೆಸರು, ಇನ್ನೊಂದು ಕಡೆ ಪಾಚಿ.

ಮಳೆಗಾಲದ ನಡುವಿನ ಆಟಿ ತಿಂಗಳ ಒಂದು ರಾತ್ರಿ ನನ್ನ ತಂದೆಯವರಿಗೆ ಎದೆನೋವು ಕಾಣಿಸಿಕೊಂಡಾಗ ಮನೆಯ ಕಾರು ಎರಡನೆಯ ತಿರುವಿನಲ್ಲಿ ಗಾಲಿ ಸುತ್ತಿ ನಿಂತುಬಿಟ್ಟಿತು. ನೆರೆಯವರು ನಾಲ್ವರು ಅವರನ್ನು ಕುರ್ಚಿಯಲ್ಲಿ ಕೂರಿಸಿ ರಸ್ತೆಯವರೆಗೆ ಹೊತ್ತರು. ಮುಂದಿನ ಬೇಸಿಗೆಯಲ್ಲಿ ಹಳೆಯ ಜೀಪೊಂದನ್ನು ಕೊಂಡೆವು. ಅದು ಚೆನ್ನಾಗಿಯೇ ಏರಿತು. ಆದರೆ ಮಳೆ ಹಿಡಿದ ಮೇಲೆ ಹಿಂಡಿಯ ಗೋಣಿಗಳನ್ನು ಹೇರಿಕೊಂಡು, ಫೋರ್ ವೀಲ್ ಹಾಕದೆ, ಬ್ರೇಕನ್ನೇ ನಂಬಿ ಮನೆಗೆ ಇಳಿಯುವಾಗ ಹಿಂದಿನ ಗಾಲಿಗಳು ಜಾರಿ ಜೀಪು ಅಡ್ಡವಾಗಿ ಹೋಗಿ ದಾರಿಯ ಬದಿಯ ಮಣ್ಣಿನ ಗೋಡೆಯಾದ ಬರೆಗೆ ಬಡಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ವಾಹನ ಕೊಳ್ಳುವಾಗ ಎಲ್ಲರೂ ಏರುವ ಶಕ್ತಿಯನ್ನು ವಿಚಾರಿಸುತ್ತಾರೆ. ತಗ್ಗಿನ ಮನೆಯವರಿಗೆ ಮನೆಗೆ ಬರುವುದೆಂದರೆ ಇಳಿಯುವುದು, ಆದುದರಿಂದ ಮಳೆಯಲ್ಲಿ ಹೊರೆಸಹಿತ ಅದು ಹೇಗೆ ಇಳಿಯುತ್ತದೆ ಎಂಬುದನ್ನೇ ಮೊದಲು ವಿಚಾರಿಸಬೇಕು ಎಂದು ನನಗೆ ತಿಳಿದದ್ದು ಆ ದಿನ.

ದಾರಿಯ ಅಳತೆ

ಅಂಗಡಿಗೆ ಹೋಗುವ ಮೊದಲು ದಾರಿಯ ಅತ್ಯಂತ ಕಡಿದಾದ ಜಾಗವನ್ನು ಅಳೆಯಿರಿ. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ನೀರು ತುಂಬಿದ ಪೈಪು ಸಾಕು. ಅಡ್ಡಕ್ಕೆ 10 ಅಡಿ ಸಾಗುವಷ್ಟರಲ್ಲಿ ನೆಲ 1 ಅಡಿ ಏರಿದರೆ ಅದು ಶೇ. 10ರ ಏರು, 2 ಅಡಿ ಏರಿದರೆ ಶೇ. 20, ಕೋನದ ಲೆಕ್ಕದಲ್ಲಿ ಸುಮಾರು 11 ಡಿಗ್ರಿ. ರಸ್ತೆ ಕಟ್ಟುವವರು ಅನುಸರಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯಲ್ಲಿ ಕಡಿದಾದ ಘಟ್ಟಗಳಿಗೂ, ಅದೂ ಅನಿವಾರ್ಯವಾದಾಗ ಮಾತ್ರ, ಶೇ. 8ರಷ್ಟೇ ಏರನ್ನು ಒಪ್ಪಲಾಗಿದೆ ಎಂಬುದನ್ನು ನೆನೆದರೆ, ಜೆಸಿಬಿ ತಂದು ಎರಡು ದಿನದಲ್ಲಿ ಕಡಿಸಿದ ನಮ್ಮ ಮನೆದಾರಿಗಳು ಎಷ್ಟು ಕಠಿಣವೆಂಬುದು ಅರಿವಾದೀತು. ನಮ್ಮ ದಾರಿಯ ಎರಡನೆಯ ತಿರುವಿನಲ್ಲಿ 10 ಅಡಿಗೆ ಎರಡೂಕಾಲು ಅಡಿ ಬಂತು.

ಇದರೊಂದಿಗೆ ಮೂರು ಸಂಗತಿಗಳನ್ನು ಬರೆದಿಟ್ಟುಕೊಳ್ಳಿ: ಎರಡು ಬರೆಗಳ ನಡುವೆ ದಾರಿ ಎಲ್ಲಿ ಅತಿ ಕಿರಿದಾಗಿದೆ, ತೋಡು ದಾಟುವಲ್ಲಿ ತುಂಬು ಮಳೆಗಾಲದಲ್ಲಿ ನೀರು ಎಷ್ಟು ಬರುತ್ತದೆ, ಮತ್ತು ನೆಲ ಮುರಕಲ್ಲೇ (ಜಂಬಿಟ್ಟಿಗೆಯೇ), ಜೇಡಿಮಣ್ಣೇ, ಪಾಚಿ ಹಿಡಿದ ಕಾಂಕ್ರೀಟೇ.

ಅಳತೆಯಲ್ಲಿ ಏರು ಶೇ. 12ರ ಒಳಗೆ ಬಂದು ನೆಲವೂ ಗಟ್ಟಿಯಾಗಿದ್ದರೆ ಫೋರ್ ವೀಲ್ ಡ್ರೈವಿಗಾಗಿ ಲಕ್ಷಗಟ್ಟಲೆ ಹೆಚ್ಚು ತೆರಬೇಡಿ ಎಂದೇ ನನ್ನ ಸಲಹೆ. ಅದೇ ಹಣದಲ್ಲಿ ಗಾಲಿ ಹೋಗುವ ಅಗಲಕ್ಕೆ ಎರಡು ಪಟ್ಟಿ ಕಾಂಕ್ರೀಟು ಹಾಕಿಸಿ, ಅದು ಹಸಿಯಿರುವಾಗಲೇ ಅಡ್ಡಗೀರು ಎಳೆಸಿ, ಮೇಲ್ಬದಿಯಲ್ಲಿ ನೀರು ಹೊರಳಿಹೋಗಲು ಒಂದು ಚರಂಡಿ ಮಾಡಿಸಿದರೆ ಆಟೋರಿಕ್ಷಾ ಕೂಡ ಅಂಗಳಕ್ಕೆ ಬಂದೀತು. ಆ ದಾರಿ ನಿಮ್ಮ ವಾಹನಕ್ಕೆ ಮಾತ್ರವಲ್ಲ, ಆಂಬುಲೆನ್ಸಿಗೂ ಆಗುತ್ತದೆ.

ನಾಲ್ಕೂ ಗಾಲಿಗಳಿಗೆ ಶಕ್ತಿ: ಎರಡು ಬಗೆ

ಮಾರುಕಟ್ಟೆಯಲ್ಲಿ ಎರಡು ಏರ್ಪಾಡುಗಳು ಸಿಗುತ್ತವೆ. ಆಲ್ ವೀಲ್ ಡ್ರೈವ್ ಎನ್ನುವುದರಲ್ಲಿ ಸಾಮಾನ್ಯವಾಗಿ ಮುಂದಿನ ಗಾಲಿಗಳೇ ದುಡಿಯುತ್ತವೆ. ಅವು ಜಾರತೊಡಗಿದಾಗ ನಡುವಿನ ಕ್ಲಚ್ ಕಚ್ಚಿ ಹಿಂದಿನ ಗಾಲಿಗಳಿಗೂ ಶಕ್ತಿ ಹಂಚುತ್ತದೆ. ಗ್ರ್ಯಾಂಡ್ ವಿಟಾರಾದ ಆಲ್‌ಗ್ರಿಪ್ ಈ ಜಾತಿಯದು. ಮಳೆಯ ಡಾಮರು ರಸ್ತೆಗೂ ಸಾಧಾರಣ ಕೆಸರಿಗೂ ಇದು ಒಳ್ಳೆಯದು, ಚಾಲಕನು ಏನನ್ನೂ ಬದಲಿಸಬೇಕಾಗಿಲ್ಲ. ಆದರೆ ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ಲೋ ರೇಂಜ್ ಎಂಬ ಹೆಚ್ಚುವರಿ ಗೇರು ಇದರಲ್ಲಿ ಇಲ್ಲ.

ಜಿಮ್ನಿ, ಥಾರ್, ಗೂರ್ಖಾ ಮೊದಲಾದವುಗಳಲ್ಲಿ ಗೇರ್‌ಬಾಕ್ಸಿನ ಜೊತೆಗೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆ ಇರುತ್ತದೆ. ಟೂ ವೀಲ್, ಫೋರ್ ಹೈ, ಫೋರ್ ಲೋ ಎಂಬ ಮೂರು ಸ್ಥಿತಿಗಳನ್ನು ಚಾಲಕನೇ ಆರಿಸಬೇಕು. ಫೋರ್ ಹಾಕಿದಾಗ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು, ಅಂದರೆ ಗಾಲಿಗಳ ಅಚ್ಚುಗಳು, ಒಂದಕ್ಕೊಂದು ಬಿಗಿದುಕೊಂಡು ಒಂದೇ ವೇಗದಲ್ಲಿ ತಿರುಗುತ್ತವೆ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗಬೇಕಾದುದರಿಂದ ಒಣ ಡಾಮರಿನ ಮೇಲೆ ಈ ಬಿಗಿತ ಟಯರನ್ನು ಸವೆಸಿ ಯಂತ್ರಭಾಗಗಳನ್ನು ಹಿಂಡುತ್ತದೆ. ಹಾಗಾಗಿ ರಸ್ತೆಗೆ ಬಂದೊಡನೆ ಟೂ ವೀಲಿಗೆ ಮರಳಬೇಕು. ಕೆಸರಿನಲ್ಲಿ ಗಾಲಿ ತುಸು ಜಾರಿ ಆ ಒತ್ತಡ ಕಳೆದುಹೋಗುತ್ತದೆ.

ಇಳಿಜಾರಿನಲ್ಲಿ ಇದೇ ಬಿಗಿತ ನಮ್ಮನ್ನು ಕಾಯುತ್ತದೆ. ಲೋ ರೇಂಜಿನಲ್ಲಿ ಪ್ರತಿ ಗೇರಿನ ವೇಗವೂ ಸುಮಾರು ಎರಡರಿಂದ ಎರಡೂವರೆ ಪಟ್ಟು ತಗ್ಗುತ್ತದೆ. ಮೊದಲ ಗೇರಿನಲ್ಲಿ ಕ್ಲಚ್ಚಿನಿಂದ ಕಾಲು ತೆಗೆದು ಬಿಟ್ಟರೆ ಎಂಜಿನ್ನೇ ಹಿಡಿದುಕೊಂಡು, ಮನುಷ್ಯ ನಡೆಯುವ ವೇಗದಲ್ಲಿ, ವಾಹನವನ್ನು ಇಳಿಸುತ್ತದೆ. ಆ ಹಿಡಿತ ನಾಲ್ಕೂ ಗಾಲಿಗಳಿಗೆ ಹಂಚಿಹೋಗುವುದರಿಂದ ಹಿಂದಿನ ಗಾಲಿಗಳಷ್ಟೇ ನಿಂತು ಜಾರುವ ಸಂಭವ ಬಹಳ ಕಡಿಮೆ. ಟೂ ವೀಲಿನಲ್ಲಿದ್ದ ನಮ್ಮ ಜೀಪಿನಲ್ಲಿ ಎಂಜಿನ್ನಿನ ಹಿಡಿತವೆಲ್ಲ ಹಿಂದಿನ ಗಾಲಿಗಳ ಮೇಲಿತ್ತು. ಇಳಿಜಾರಿನಲ್ಲಿ ಭಾರ ಮುಂದಕ್ಕೆ ಸರಿದು ಹಿಂಬದಿ ಹಗುರಾಗಿದ್ದಾಗ ಬ್ರೇಕನ್ನೂ ಒತ್ತಿದ್ದೇ ಅವು ಜಾರಲು ಕಾರಣ. ಬ್ರೇಕ್ ಒತ್ತಿದಾಗ ಗಾಲಿ ಪೂರ್ತಿ ನಿಂತು ಜಾರದಂತೆ ತಡೆಯುವ ಎಬಿಎಸ್ ಇದೆಯೆಂದು ಧೈರ್ಯ ತಾಳುವಂತಿಲ್ಲ, ಸಡಿಲ ಜಲ್ಲಿಯ ಮೇಲೆ ಅದು ವಾಹನ ನಿಲ್ಲುವ ದೂರವನ್ನು ಹೆಚ್ಚಿಸುತ್ತದೆ. ಅಳತೆ ಶೇ. 15 ದಾಟಿದ ಮಣ್ಣಿನ ದಾರಿಯಿದ್ದರೆ ಲೋ ರೇಂಜ್ ಇಲ್ಲದ ವಾಹನವನ್ನು ನಾನು ಆರಿಸಲಾರೆ.

ಹೆಸರನ್ನು ನೋಡಿ ಕೊಳ್ಳುವುದೂ ಅಪಾಯ. 2023ರಿಂದ ಥಾರ್ ಹಿಂದಿನ ಎರಡು ಗಾಲಿಗಳಿಗಷ್ಟೇ ಶಕ್ತಿ ಹೋಗುವ ಮಾದರಿಯಲ್ಲೂ ಸಿಗುತ್ತಿದೆ, ನೋಟಕ್ಕೆ ಎರಡೂ ಒಂದೇ. 2024ರ ಆಗಸ್ಟಿನಲ್ಲಿ ಬಂದ ಥಾರ್ ರಾಕ್ಸ್‌ನಲ್ಲಿ ಫೋರ್ ವೀಲ್ ಡ್ರೈವ್ ಡೀಸೆಲ್ಲಿಗೆ ಮಾತ್ರ. ಬುಕ್ ಮಾಡುವಾಗ ರಸೀದಿಯಲ್ಲಿ ಮಾದರಿಯ ಪೂರ್ತಿ ಹೆಸರನ್ನು ಬರೆಸಿಕೊಳ್ಳಿ.

ಒಂದೇ ಆಕ್ಸಲಿನ ಎರಡು ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಬಗ್ಗೆಯೂ ಒಂದು ಮಾತು. ಗುಂಡಿಯೊಂದರ ಮೇಲೆ ಓರೆಯಾಗಿ ನಿಂತು ಮುಂದಿನ ಒಂದು, ಹಿಂದಿನ ಒಂದು ಗಾಲಿ ಹಗುರಾದರೆ ಶಕ್ತಿಯೆಲ್ಲ ಆ ಎರಡಕ್ಕೇ ಸೋರಿಹೋಗುತ್ತದೆ. ಗೂರ್ಖಾದಲ್ಲಿ ಮುಂದೆಯೂ ಹಿಂದೆಯೂ ಎರಡು ಗಾಲಿಗಳನ್ನು ಒಂದಕ್ಕೊಂದು ಬಿಗಿಯಲು ಚಾಲಕನೇ ಹಾಕುವ ಲಾಕ್ ಇದೆ. ಜಿಮ್ನಿ ಸುತ್ತುವ ಗಾಲಿಗೆ ಬ್ರೇಕ್ ಹಿಡಿದು ಉಳಿದದ್ದಕ್ಕೆ ಶಕ್ತಿ ಕಳಿಸುತ್ತದೆ. ಮನೆದಾರಿಗೆ ಎರಡನೆಯದೇ ಸಾಕಾಗುತ್ತದೆ.

ಮೈಯಳತೆ, ಎಂಜಿನ್, ಟಯರು

ನೆಲದಿಂದ ಎತ್ತರ ಜಿಮ್ನಿಗೆ 210 ಮಿಲಿಮೀಟರು, ಥಾರ್‌ಗೆ 226, ಎರಡೂ ಸಾಕು. ಅಗಲದಲ್ಲಿ ಹೆಚ್ಚಿನ ಅಂತರವಿದೆ: ಜಿಮ್ನಿ 1,645 ಮಿಲಿಮೀಟರು, ಥಾರ್ 1,820, ರಾಕ್ಸ್ 1,870. ಬರೆ ಜರಿದು ಕಿರಿದಾದ ದಾರಿಯಲ್ಲಿ ಒಂದು ಗೇಣು ದೊಡ್ಡದು. ಸುಮಾರು 1,200 ಕಿಲೋ ತೂಗುವ ಜಿಮ್ನಿ ಮೆತ್ತನೆಯ ನೆಲದಲ್ಲಿ ಹೂಳುವುದೂ ಕಡಿಮೆ. ಆದರೆ ಅದರಲ್ಲಿ ನಾಲ್ವರಿಗಷ್ಟೇ ಜಾಗ. ಮೂರು ಬಾಗಿಲಿನ ಥಾರ್‌ನಲ್ಲೂ ನಾಲ್ವರೇ, ಅದೂ ಮುಂದಿನ ಸೀಟನ್ನು ಸರಿಸಿ ಹಿಂದಕ್ಕೆ ಹತ್ತಬೇಕು. ಮನೆಯಲ್ಲಿ ವೃದ್ಧರಿದ್ದರೆ ಅವರನ್ನೇ ಕರೆದೊಯ್ದು ಹತ್ತಿಸಿ ಇಳಿಸಿ ನೋಡಿ. ಮೋರಿಯ ದಿಬ್ಬ ಎತ್ತರವಾಗಿದ್ದರೆ ಉದ್ದ ವಾಹನದ ಹೊಟ್ಟೆ ತಾಗುತ್ತದೆ.

ಡೀಸೆಲ್ಲೋ ಪೆಟ್ರೋಲೋ ಎಂಬುದಕ್ಕೆ ಉತ್ತರ ನಿಮ್ಮ ದಿನದ ಓಡಾಟದಲ್ಲಿದೆ. ಭಾರ ಎಳೆಯಲು ಡೀಸೆಲ್ ಮೇಲು. ಆದರೆ ಈಗಿನ ಬಿಎಸ್-6 ಡೀಸೆಲ್ ವಾಹನಗಳಲ್ಲಿ ಹೊಗೆಯ ಮಸಿಯನ್ನು ಹಿಡಿಯುವ ಫಿಲ್ಟರೊಂದಿದ್ದು, ಆ ಮಸಿ ಸುಟ್ಟುಹೋಗಬೇಕಾದರೆ ವಾಹನ ಆಗಾಗ ಸ್ವಲ್ಪ ದೂರ ಒಂದೇ ವೇಗದಲ್ಲಿ ಓಡಬೇಕು. ಮನೆಯಿಂದ ಹಾಲಿನ ಸೊಸೈಟಿಗೂ ಪೇಟೆಗೂ ಮೂರು ನಾಲ್ಕು ಕಿಲೋಮೀಟರ್ ತೆವಳಿ ಮರಳುವುದೇ ದಿನಚರಿಯಾದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಅಂಥವರಿಗೆ ಪೆಟ್ರೋಲೇ ಒಳ್ಳೆಯದು. ವಾರಕ್ಕೊಮ್ಮೆ ಮಂಗಳೂರಿಗೆ ಹೋಗಿಬರುವವರಿಗೆ ಈ ತೊಂದರೆ ಕಡಿಮೆ.

ಟಯರಿನ ವಿಷಯದಲ್ಲಿ ಯುವಕರು ದಪ್ಪ ಹಲ್ಲಿನ ಮಡ್ ಟಯರಿಗೆ ಆಸೆಪಡುತ್ತಾರೆ. ಆಳವಾದ ಕೆಸರಿಗೆ ಅದು ಸರಿ; ಒದ್ದೆ ಮುರಕಲ್ಲು ಮತ್ತು ಪಾಚಿಯ ಕಾಂಕ್ರೀಟಿನ ಮೇಲೆ ನೆಲಕ್ಕೆ ತಾಗುವ ರಬ್ಬರು ಕಡಿಮೆಯಾಗಿ ಅದೇ ಹೆಚ್ಚು ಜಾರುತ್ತದೆ. ನಮ್ಮ ನೆಲಕ್ಕೆ ರಸ್ತೆಗೂ ಮಣ್ಣಿಗೂ ಹೊಂದುವ ಆಲ್ ಟೆರೇನ್ ಟಯರು ತಕ್ಕುದು. ಅದೂ ಕಂಪನಿ ನಮೂದಿಸಿದ ಅಳತೆಯದೇ ಆಗಿರಲಿ, ಏಕೆಂದರೆ ತಯಾರಕರ ನಮೂನೆಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ ತೀರ್ಪಿತ್ತಿದೆ.

ನೀರಿನಲ್ಲಿ ಥಾರ್ 650, ಗೂರ್ಖಾ 700 ಮಿಲಿಮೀಟರ್ ಆಳ ದಾಟಬಲ್ಲವೆಂದು ಕಂಪನಿಗಳು ಹೇಳುತ್ತವೆ. ಅದು ನಿಂತ ನೀರಿನ ಲೆಕ್ಕವೆಂದೇ ತಿಳಿಯಿರಿ. ಹರಿಯುವ ನೀರು ಎರಡು ಅಡಿಯಿದ್ದರೆ ದೊಡ್ಡ ವಾಹನವನ್ನೂ ಎತ್ತಿಕೊಂಡು ಹೋದೀತು. ತೋಡಿನ ನೀರು ಕೆಂಪಾಗಿ ಅಡಿ ಕಾಣದಿರುವಾಗ ವಾಹನವನ್ನು ಈಚೆ ದಡದಲ್ಲೇ ಬಿಡಿ.

ಹಳೆಯದನ್ನು ಕೊಳ್ಳುವುದಾದರೆ

ಪುತ್ತೂರು, ಸುಳ್ಯದ ಕಡೆಯಿಂದ ಹಳೆಯ ಜಿಪ್ಸಿ, ಜೀಪುಗಳು ನಮ್ಮಲ್ಲಿಗೆ ಬರುತ್ತವೆ. ಕೆಸರಿನ ಜಾಗಕ್ಕೆ ಒಯ್ದು ಫೋರ್ ಲೋ ಹಾಕಿಸಿ, ಮುಂದಿನ ಗಾಲಿಗಳು ನಿಜವಾಗಿ ಎಳೆಯುತ್ತವೆಯೇ ಎಂದು ಹೊರಗೆ ನಿಂತು ನೋಡಿ. ವರ್ಷಗಟ್ಟಲೆ ಬಳಸದೆ ಲಿವರ್ ಹಿಡಿದುಹೋದ ವಾಹನಗಳು ಬಹಳ ಇವೆ. ಡಿಫರೆನ್ಷಿಯಲ್ಲಿನ ಎಣ್ಣೆಯನ್ನು ತೆಗೆಸಿ ನೋಡಿದಾಗ ಹಾಲಿನಂತೆ ಬೆಳ್ಳಗಿದ್ದರೆ ಒಳಗೆ ನೀರು ಸೇರಿದೆಯೆಂದು ಅರ್ಥ. ಚಾಸಿಯ ತುಕ್ಕನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಪರೀಕ್ಷಿಸಿ. ಕರ್ನಾಟಕದ ನೋಂದಣಿಯಿದ್ದರೆ ಅಲ್ಲಿನ ಆರ್‌ಟಿಓ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ತೆರಿಗೆ ಕಟ್ಟಿ ಮರುನೋಂದಣಿ ಮಾಡಿಸಬೇಕು. ಆ ಖರ್ಚನ್ನು ಬೆಲೆಗೆ ಸೇರಿಸಿಯೇ ಚೌಕಾಶಿ ಮಾಡಿ.

ಹೊಸದಿರಲಿ ಹಳೆಯದಿರಲಿ, ಮುಂಗಡ ಕೊಡುವ ಮೊದಲು ವಾಹನವನ್ನು ಮನೆದಾರಿಗೇ ತರಿಸಿಕೊಳ್ಳಿ. ಡಾಮರು ರಸ್ತೆಯ ಟೆಸ್ಟ್ ಡ್ರೈವಿನಿಂದ ನಮಗೆ ತಿಳಿಯುವುದು ಅತ್ಯಲ್ಪ. ನಾಲ್ಕು ಗೋಣಿ ಹೇರಿ, ಮನೆಯವರನ್ನು ಕೂರಿಸದೆ, ಲೋ ರೇಂಜಿನ ಮೊದಲ ಗೇರಿನಲ್ಲಿ ಬ್ರೇಕ್ ಮುಟ್ಟದೆ ಅಂಗಳದವರೆಗೆ ಇಳಿಸಿ. ಆಟೋಮ್ಯಾಟಿಕ್ ಗೇರಿನ ವಾಹನಗಳಲ್ಲಿ ಎಂಜಿನ್ನಿನ ಹಿಡಿತ ಕಡಿಮೆಯಿರುವುದರಿಂದ ತಾನಾಗಿ ಬ್ರೇಕ್ ಹಿಡಿದು ನಿಧಾನವಾಗಿ ಇಳಿಸುವ ಹಿಲ್ ಡಿಸೆಂಟ್ ಕಂಟ್ರೋಲ್ ಹಾಕಿ ಒಮ್ಮೆ, ಹಾಕದೆ ಒಮ್ಮೆ ಇಳಿಸಿ ವ್ಯತ್ಯಾಸ ನೋಡಿ.

ಕೊಂಡ ಮೇಲೆ ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಫೋರ್ ವೀಲ್ ಹಾಕಿ ಸ್ವಲ್ಪ ದೂರ ಓಡಿಸಿದರೆ ಒಳಭಾಗಗಳಿಗೆಲ್ಲ ಎಣ್ಣೆ ತಲುಪಿ ಲಿವರ್ ಹಿಡಿಯುವುದು ತಪ್ಪುತ್ತದೆ. ಮನೆಯಲ್ಲಿ ವಾಹನ ಓಡಿಸುವ ಪ್ರತಿಯೊಬ್ಬರಿಗೂ, ಮುಖ್ಯವಾಗಿ ರಾತ್ರಿ ಹೊತ್ತು ಆಸ್ಪತ್ರೆಗೆ ಹೊರಡಬೇಕಾಗಿ ಬರಬಹುದಾದವರಿಗೆ, ಆ ಲಿವರನ್ನು ಹಾಕುವ ಕ್ರಮವನ್ನು ಮೇ ತಿಂಗಳು ಮುಗಿಯುವ ಮೊದಲೇ ಕಲಿಸಿಕೊಡಿ.