ಶ್ವಾಸನಾಳದ ಉಂಗುರ ಮೊದಲೇ ಹೇಳಿತು: ನನ್ನ ಅನುಭವ

ಕೋಳಿಗಳಿಗೆ ಉಸಿರಾಟದ ರೋಗ ತರುವ ಸಾಂಕ್ರಾಮಿಕ ಬ್ರಾಂಕೈಟಿಸ್ ವೈರಸ್ ಯಾವ ಹಕ್ಕಿಗೆ ತಗುಲುತ್ತದೆ ಎಂಬುದನ್ನು, ಹಕ್ಕಿಗೆ ಸೋಂಕು ಹಾಕುವ ಮೊದಲೇ, ಅದರ ಭ್ರೂಣದ ಶ್ವಾಸನಾಳವನ್ನು ಅಡ್ಡಲಾಗಿ ಕತ್ತರಿಸಿದ ಉಂಗುರಗಳಿಂದ ತಿಳಿಯಬಹುದೆಂದು ನಾನು ಹೇಳಿದಾಗ ನಮ್ಮ ವಿಭಾಗದ ಹಿರಿಯರು ಒಪ್ಪಲಿಲ್ಲ. ಪ್ರಯೋಗಾಲಯದಲ್ಲಿ ಬೆಳೆಸುವ, ಮಂಗನ ಮೂತ್ರಪಿಂಡದಿಂದ ಬಂದ ವೆರೋ ಕೋಶಗಳಿರುವಾಗ ಇಷ್ಟೊಂದು ಕಷ್ಟವೇಕೆ ಎಂದು ಅವರು ಕೇಳಿದರು. ವೆರೋದಲ್ಲಿ ಬೆಳೆಯುವುದು ಪ್ರಯೋಗಾಲಯಕ್ಕೆ ಒಗ್ಗಿದ ಬ್ಯೂಡೆಟ್ ತಳಿ. ಕೋಳಿಗೆ ರೋಗ ತರುವ ಎಂ41 ತಳಿ ಅಲ್ಲಿ ಬೆಳೆಯುವುದಿಲ್ಲ. ಮಂಗನ ಮೂತ್ರಪಿಂಡದ ಕೋಶವನ್ನು ನಂಬಿ ಕೋಳಿಯ ಗಂಟಲಿನ ಬಗ್ಗೆ ತೀರ್ಮಾನಿಸುವುದು ನನಗೆ ಸರಿಯೆನಿಸಲಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಹಣಕ್ಕೆ. ಅಂಗಾಂಶ ಕತ್ತರಿಸುವ ಯಂತ್ರಕ್ಕೆ ಹಲವು ಲಕ್ಷ ಕೇಳಿದರು. ಹಾಗಾಗಿ ಬ್ಲೇಡಿನಲ್ಲಿ ಕೈಯಿಂದಲೇ ಕತ್ತರಿಸಿದೆ. ಎಳೆಯ ಶ್ವಾಸನಾಳ ಬ್ಲೇಡಿನ ಅಡಿಯಲ್ಲಿ ಚಪ್ಪಟೆಯಾಗದಂತೆ ಹಿಡಿಯುವ ಒಂದು ಉಪಾಯ ನನ್ನಲ್ಲಿದೆ. ಪ್ರಬಂಧ ಪ್ರಕಟವಾಗುವವರೆಗೆ ಅದನ್ನು ಹೇಳಲಾರೆ. ಉಂಗುರಗಳನ್ನು ಪೋಷಕ ದ್ರವದಲ್ಲಿ ಇಡುವ ಟ್ಯೂಬುಗಳನ್ನು ತಿರುಗಿಸಲು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಗೇರ್ ಮೋಟಾರ್ ತಂದು, ಗಂಟೆಗೆ ಹತ್ತು-ಹದಿನೈದು ಸುತ್ತು ಬರುವಂತೆ ಹೊಂದಿಸಿದೆ. ಎಲ್ಲ ಸೇರಿ ಸುಮಾರು ನಾಲ್ಕು ಸಾವಿರ ರೂಪಾಯಿ ಆಗಿರಬೇಕು.

ಕೋಳಿಯ 20 ದಿನದ ಭ್ರೂಣದಿಂದ ಹದಿನೈದು ಉಂಗುರಗಳಾದರೂ ಸಿಗುತ್ತಿದ್ದವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉಂಗುರದ ಒಳ ಅಂಚಿನಲ್ಲಿ ಸಿಲಿಯಾ (ಕೂದಲಿನಂಥ ಸೂಕ್ಷ್ಮ ಎಳೆಗಳು) ಗಾಳಿಗೆ ತೂಗುವ ರಾಗಿ ಪೈರಿನಂತೆ ಬಡಿಯುತ್ತಿರುತ್ತದೆ, ನಡುವೆ ಉದುರಿದ ಕೋಶಗಳು ಗಿರಗಿರನೆ ಸುತ್ತುತ್ತಿರುತ್ತವೆ. ಸೋಂಕು ಹಿಡಿದಾಗ ಮೊದಲು ಅಂಚಿನ ಒಂದು ಮೂಲೆ ಸ್ತಬ್ಧವಾಗಿ, ನಂತರ ಇಡೀ ಸುತ್ತು ನಿಲ್ಲುತ್ತದೆ.

ಬಾತುಕೋಳಿಯಲ್ಲಿ ನಾನು ಎರಡು ಬಾರಿ ಸೋತೆ. ಬಾತಿನ ಮೊಟ್ಟೆ ಒಡೆಯಲು 28 ದಿನ ಬೇಕೆಂಬುದನ್ನು ಲೆಕ್ಕಿಸದೆ 20ನೇ ದಿನವೇ ತೆಗೆದಿದ್ದರಿಂದ ಸಿಲಿಯಾ ಇನ್ನೂ ಬಲಿತಿರಲಿಲ್ಲ. 26ನೇ ದಿನಕ್ಕೆ ಕಾದು ಮತ್ತೆ ಮಾಡಿದಾಗ, ಸೋಂಕು ಹಾಕಿದ ಉಂಗುರಗಳೆಲ್ಲ ಒಂದೇ ದಿನದಲ್ಲಿ ನಿಂತುಹೋದವು. ಬಾತಿಗೆ ಈ ವೈರಸ್ ತಗುಲದೆಂದು ಎಣಿಸಿದ್ದರಿಂದ ಅವು ನಿಲ್ಲಬಾರದಿತ್ತು. ಹಿರಿಯರ ಮಾತೇ ನಿಜವಾಯಿತೆಂದು ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದರೆ ವೈರಸ್ ಇಲ್ಲದ ಅಲಾಂಟಾಯಿಕ್ ದ್ರವವನ್ನಷ್ಟೇ (ವೈರಸ್ ಬೆಳೆಸುವ ಮೊಟ್ಟೆಯೊಳಗಿನ ದ್ರವ) ಹಾಕಿದ ಉಂಗುರಗಳೂ ನಿಂತವು. ಆಗ ತಪ್ಪು ಗೊತ್ತಾಯಿತು: ಮೊಟ್ಟೆಯಲ್ಲಿ ಅಳೆದ ಟೈಟರನ್ನು (ವೈರಸ್ಸಿನ ಪ್ರಮಾಣವನ್ನು) ನಂಬಿ ದ್ರವವನ್ನು ತೀರಾ ಗಟ್ಟಿಯಾಗಿ ಹಾಕಿದ್ದೆ. ಅಂದಿನಿಂದ ವೈರಸ್ಸನ್ನು ಕೋಳಿಯ ಉಂಗುರಗಳಲ್ಲೇ ಟೈಟರ್ ಮಾಡಿ, ತೆಳುಗೊಳಿಸಿ ಬಳಸುತ್ತಿದ್ದೇನೆ. ಬರೀ ದ್ರವದ ಕಂಟ್ರೋಲ್ ಇಲ್ಲದೆ ಒಂದು ಟ್ಯೂಬನ್ನೂ ಇಡುವುದಿಲ್ಲ.

ನಡುವೆ ಕೋಳಿಯ ಕೆಲವು ಉಂಗುರಗಳಿಗೆ ನ್ಯೂರಾಮಿನಿಡೇಸ್ ಎಂಬ ಕಿಣ್ವ ಕೊಟ್ಟು, ಕೋಶದ ಮೇಲ್ಮೈಯಲ್ಲಿರುವ ಸಕ್ಕರೆಯಂಥ ಸಿಯಾಲಿಕ್ ಆಮ್ಲವನ್ನು ಕತ್ತರಿಸಿ ನೋಡಿದೆ. ಅವುಗಳಲ್ಲಿ ಸಿಲಿಯಾ ನಿಲ್ಲುವುದು ಒಂದು ದಿನದಷ್ಟು ತಡವಾಯಿತು. ವೈರಸ್ ಹಿಡಿದುಕೊಳ್ಳುವ ಕೊಂಡಿ ಅದೇ ಆಗಿರುವುದರಿಂದ ಇದು ನಿರೀಕ್ಷಿತವೇ ಆಗಿದ್ದರೂ, ಕಣ್ಣಾರೆ ಕಂಡಾಗ ಆದ ಸಂತೋಷ ದೊಡ್ಡದು. ಗೌಜಲ ಹಕ್ಕಿಯ ಉಂಗುರಗಳು ಮಾತ್ರ ಕೈಯಲ್ಲೇ ಹರಿದುಹೋದವು. ಅದನ್ನು ಅಲ್ಲಿಗೇ ಬಿಟ್ಟೆ.

ಕೊನೆಯ ಸುತ್ತಿನಲ್ಲಿ ಟ್ಯೂಬುಗಳ ಮೇಲಿನ ಸಂಕೇತವನ್ನು ಸಹೋದ್ಯೋಗಿಯೊಬ್ಬರು ಬರೆದರು. ಯಾವುದು ಯಾವ ಹಕ್ಕಿಯದೆಂದು ನನಗೆ ತಿಳಿದಿರಲಿಲ್ಲ. ಎರಡನೇ ದಿನದ ಸಂಜೆಗೆ ಹೆಚ್ಚುಕಡಿಮೆ ಅರ್ಧದಷ್ಟು ಉಂಗುರಗಳು ನಿಂತಿದ್ದವು, ಉಳಿದವು ಐದನೇ ದಿನವೂ ಬಡಿಯುತ್ತಿದ್ದವು. ಸಂಕೇತ ಬಿಡಿಸಿದಾಗ ನಿಂತವೆಲ್ಲ ಕೋಳಿಯವು. ಅನಂತರ ನೈತಿಕ ಸಮಿತಿಯ ಅನುಮತಿ ಪಡೆದು ಹನ್ನೆರಡು ಕೋಳಿಮರಿಗಳಿಗೂ ಹನ್ನೆರಡು ಬಾತುಮರಿಗಳಿಗೂ ಅದೇ ವೈರಸ್ ಹಾಕಿದೆವು. ಕೋಳಿಮರಿಗಳು ಗೊರಗೊರ ಉಸಿರಾಡಿದವು, ಬಾತುಮರಿಗಳಿಗೆ ಏನೂ ಆಗಲಿಲ್ಲ.

ಲಸಿಕೆಯಿಂದ ಬಂದ ರಕ್ಷಣೆಯನ್ನು ಈ ಉಂಗುರಗಳು ಹೇಳಲಾರವು. ಅಂಗಾಂಶದ ಬಾಗಿಲು ತೆರೆದಿದೆಯೇ ಎಂಬುದನ್ನಷ್ಟೇ ಹೇಳುತ್ತವೆ. ಈಗ ಟರ್ಕಿ ಕೋಳಿಯ ಮೊಟ್ಟೆಗಳನ್ನು ಇನ್‌ಕ್ಯುಬೇಟರಿನಲ್ಲಿ ಇಟ್ಟಿದ್ದೇನೆ, ಬರುವ ಸೋಮವಾರಕ್ಕೆ 26 ದಿನ ತುಂಬುತ್ತದೆ.