ಸ್ಕಾಟ್ಲೆಂಡಿನ ಔಷಧಿ ಅಂಗಡಿಯಲ್ಲಿ ನನ್ನ ಕಿವಿ ಪಳಗಿದ್ದು ಹೀಗೆ

ಸ್ಕಾಟ್ಲೆಂಡಿನಲ್ಲಿ 2011ರಿಂದ ಡಾಕ್ಟರ್ ಬರೆದುಕೊಟ್ಟ ಔಷಧಿಗೆ ಜನ ದುಡ್ಡು ಕೊಡಬೇಕಿಲ್ಲ. 2020ರಲ್ಲಿ ‘ಫಾರ್ಮಸಿ ಫಸ್ಟ್’ ಅನ್ನೋ ವ್ಯವಸ್ಥೆ ಬಂದ ಮೇಲೆ ಸಣ್ಣಪುಟ್ಟ ತೊಂದರೆಗೆ ಡಾಕ್ಟರ ಹತ್ತಿರ ಹೋಗದೆ ನೇರವಾಗಿ ನಮ್ಮ ಕೌಂಟರಿಗೇ ಬರುತ್ತಾರೆ. ಹಾಗಾಗಿ ಇಲ್ಲಿ ಫಾರ್ಮಸಿಸ್ಟ್ ಆದವರಿಗೆ ಮಾತ್ರೆ ಎಣಿಸುವುದಕ್ಕಿಂತ ಮಾತು ಕೇಳುವ ಕೆಲಸವೇ ಜಾಸ್ತಿ. ನಾನು ಇಂಗ್ಲೆಂಡಿನಲ್ಲಿ ಓದಿ, ಪರೀಕ್ಷೆ ಪಾಸಾಗಿ ಗ್ಲಾಸ್ಗೋಗೆ ಬಂದೆ. ಇಂಗ್ಲಿಷ್ ಚೆನ್ನಾಗೇ ಬರುತ್ತಿತ್ತು. ಆದರೂ ಮೊದಮೊದಲು ಕೌಂಟರಿನ ಆಚೆಯವರು ಹೇಳಿದ್ದರಲ್ಲಿ ಅರ್ಧ ಕಿವಿಗೆ ನಿಲ್ಲುತ್ತಿರಲಿಲ್ಲ.

ತುಂಬಾ ಬೇಗ ಮಾತಾಡುತ್ತಾರೆ, ಅದಕ್ಕೇ ಅರ್ಥವಾಗಲ್ಲ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಹಾಗನ್ನಿಸಲಿಲ್ಲ. ನಾವೇನು ನಿಧಾನಕ್ಕೆ ಮಾತಾಡ್ತೀವಾ? ತೊಂದರೆ ಇದ್ದದ್ದು ಚಿಕ್ಕ ಚಿಕ್ಕ ಪದಗಳಲ್ಲಿ: ಇಲ್ಲ, ಯಾಕೆ, ನಾಳೆ, ಇಂಥವು.

ಅದಕ್ಕೆ ಮೊದಲು ಒಂದು ಒಳ್ಳೇ ಸುದ್ದಿ. ಲಂಡನ್ನಿನ ಇಂಗ್ಲಿಷಿಗಿಂತ ಇದು ನಮ್ಮ ಬಾಯಿಗೆ ಹತ್ತಿರ. ‘ಕಾರ್’, ‘ಡೋರ್’ ಅನ್ನುವಾಗ ಇವರು ಕೊನೆಯ ರಕಾರ ನುಂಗುವುದಿಲ್ಲ. ‘ಗೋ’, ‘ಡೇ’ ಅನ್ನುವಾಗ ನಮ್ಮ ಓ, ಏ ಥರ ಒಂದೇ ಸ್ವರ ಎಳೆಯುತ್ತಾರೆ. ಎಷ್ಟೋ ಜನ ಸಿನಿಮಾಕ್ಕೆ ‘ಫಿಲಮ್’ ಅಂತಲೇ ಅನ್ನುತ್ತಾರೆ. ಅದನ್ನು ತಿದ್ದಿ ತಿದ್ದಿ ಸುಸ್ತಾದ ನಮ್ಮ ಮೇಷ್ಟ್ರು ಇದನ್ನು ಕೇಳಬೇಕಿತ್ತು! ಸರೋವರಕ್ಕೆ ‘ಲೋಖ್’ ಅನ್ನುವಾಗಿನ ಗಂಟಲ ಖಕಾರ ಉರ್ದು ಕೇಳಿ ಬೆಳೆದವರಿಗೆ ಹೊಸದೇನಲ್ಲ.

ಕೌಂಟರಿನ ಹಿಂದೆ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಅದರಲ್ಲಿ ಪದ ಬರೆಯಲಿಲ್ಲ, ಸ್ವರ ಹೇಗೆ ಬದಲಾಗುತ್ತೆ ಅನ್ನೋದನ್ನು ಬರೆದೆ. ಔ ಇದ್ದಲ್ಲಿ ಊ: ಹೌಸ್ ‘ಹೂಸ್’ ಆಗುತ್ತದೆ, ಡೌನ್ ‘ಡೂನ್’, ಔಟ್ ‘ಊಟ್’. (ಹೊಟ್ಟೆ ಹಸಿದಾಗ ಇದನ್ನು ಕೇಳುವುದು ಕಷ್ಟ.) ಎ ಇದ್ದಲ್ಲಿ ಈ: ಹೆಡ್ ‘ಹೀಡ್’, ಬ್ರೆಡ್ ‘ಬ್ರೀಡ್’. ಹೋಮ್ ‘ಹೇಮ್’ ಆಗುತ್ತದೆ. ಕೊನೆಯ ಲಕಾರ ಬಿದ್ದುಹೋಗಿ ಫುಟ್‌ಬಾಲ್ ‘ಫಿಟ್‌ಬಾ’ ಆಗುತ್ತದೆ. ಗಿವ್ ಬರೀ ‘ಗೀ’. ಗ್ಲಾಸ್ಗೋದ ಹುಡುಗರ ಬಾಯಲ್ಲಿ ಥಿಂಕ್ ‘ಹಿಂಕ್’. ವಾಟರ್, ಬಟರ್ ಅನ್ನುವಾಗ ನಡುವಿನ ಟಕಾರ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಇಷ್ಟು ಗೊತ್ತಿದ್ದರೆ ‘ಸೇರ್ ಹೀಡ್’ ಅಂದಾಗ ತಲೆನೋವು ಅಂತ ಯಾರೂ ಹೇಳಿಕೊಡಬೇಕಿಲ್ಲ.

ಇನ್ನು ಇಲ್ಲ ಅನ್ನೋ ಮಾತು. ‘ಕ್ಯಾನೆ’, ‘ಡಿಡ್ನೆ’, ‘ವಾಜ್ನೆ’ ಇವುಗಳ ಬಾಲದಲ್ಲಿರುವ ‘ನೆ’ ಅಂದರೆ ಇಲ್ಲ. ಬಿಡಿಯಾಗಿ ಬರುವ ‘ನೋ’ ಕೂಡ ಹಾಗೇ. ‘ಐವ್ ನೋ ಹ್ಯಾಡ್ ಇಟ್ ದ ಡೇ’ ಅಂದರೆ ಇವತ್ತು ತಗೊಂಡಿಲ್ಲ ಅಂತ. ರಕ್ತ ತೆಳುವಾಗಿಸುವ ಮಾತ್ರೆಯ ವಿಷಯದಲ್ಲಿ ಆ ಒಂದು ‘ನೋ’ ಕೇಳದೇ ಹೋದರೆ ಏನಾಗಬಹುದು ಅಂತ ಹೇಳಬೇಕಾಗಿಲ್ಲ. ಅದಕ್ಕೇ ‘ತಗೊಂಡಿಲ್ವಾ?’ ಅಂತ ನಾನು ಯಾವತ್ತೂ ಕೇಳುವುದಿಲ್ಲ. ನಾವಾದರೆ ‘ಹೌದು, ತಗೊಂಡಿಲ್ಲ’ ಅಂತೀವಿ. ಅವರು ‘ನಾ’, ಅಂದರೆ ಇಲ್ಲ, ಅಂತಾರೆ. ಎರಡೂ ಒಂದೇ ಉತ್ತರ, ಆದರೆ ತಲೆ ತಿರುಗುತ್ತದೆ. ‘ಕೊನೇ ಮಾತ್ರೆ ಯಾವಾಗ ತಗೊಂಡಿರಿ?’ ಅಂತ ಕೇಳಿದರೆ ಈ ರಗಳೆಯೇ ಇಲ್ಲ.

‘ಯಾವಾಗ’ ಅಂದೆನಲ್ಲ, ಅದರ ಉತ್ತರಕ್ಕೂ ಕಿವಿ ಬೇಕು. ‘ದ ಮಾರ್ನ್’ ಅಂದರೆ ಬೆಳಗ್ಗೆ ಅಲ್ಲ, ನಾಳೆ. ‘ದ ಬ್ಯಾಕ್ ಆಫ್ ಫೈವ್’ ಅಂದರೆ ಐದು ಹೊಡೆದು ಸ್ವಲ್ಪ ಹೊತ್ತಿಗೆ. ಗ್ಲಾಸ್ಗೋದಲ್ಲಿ ‘ಹೌ?’ ಅಂದರೆ ಹೆಚ್ಚಾಗಿ ಯಾಕೆ ಅಂತ.

ಕಾಯಿಲೆಯ ಪದಗಳನ್ನು ಕಲಿಸಿದ್ದು ಅಂಗಡಿಯ ಸಹಾಯಕಿ. ಅದೇ ಬೀದಿಯಲ್ಲಿ ಹುಟ್ಟಿ ಬೆಳೆದವರು, ನನಗಿಂತ ಎಷ್ಟೋ ದೊಡ್ಡವರು. ‘ಜ್ಯಾಗ್’ ಅಂದರೆ ಇಂಜೆಕ್ಷನ್. ‘ಆಕ್ಸ್ಟರ್’ ಕಂಕುಳು. ‘ಪ್ಲೂಕ್’ ಮೊಡವೆ. ‘ಸ್ಕೆಲ್ಫ್’ ಚರ್ಮಕ್ಕೆ ಹೊಕ್ಕ ಮರದ ಸಿಬಿರು. ‘ಬೋಕ್’ ಅಂದರೆ ವಾಂತಿ. ‘ಪೀಲಿ ವ್ಯಾಲಿ’ ಅಂದರೆ ಮುಖ ಬಿಳಿಚಿಕೊಂಡಿದೆ, ಮೈಯಲ್ಲಿ ಹುಷಾರಿಲ್ಲ ಅಂತ. ‘ಬೀಲಿನ್’ ಅಂದರೆ ಗಾಯ ಕೀವಾಗಿದೆ ಅಂತ. ಆದರೆ ಮನುಷ್ಯನ ಬಗ್ಗೆ ಹೇಳಿದರೆ ಅವನಿಗೆ ವಿಪರೀತ ಸಿಟ್ಟು ಬಂದಿದೆ ಅಂತ. ಇದರಲ್ಲಿ ಯಾವುದೂ ನಾನು ಬರೆದ ಇಂಗ್ಲಿಷ್ ಪರೀಕ್ಷೆಯಲ್ಲಿ ಇರಲಿಲ್ಲ.

ಇದೆಲ್ಲ ಆದ ಮೇಲೆ ರಜೆ ಹಾಕಿದ ಫಾರ್ಮಸಿಸ್ಟ್‌ಗಳ ಬದಲಿಗೆ ಕೆಲಸ ಮಾಡಲು ಅಬರ್ಡೀನ್ ಕಡೆ, ಪೀಟರ್‌ಹೆಡ್, ಫ್ರೇಜರ್‌ಬರಾದಂಥ ಮೀನುಗಾರರ ಊರುಗಳಿಗೆ ಹೋದೆ. ಧಾರವಾಡದಲ್ಲಿ ಪಳಗಿದವರು ಕುಂದಾಪುರದಲ್ಲಿ ಬಸ್ ಇಳಿದ ಹಾಗಾಯಿತು. ಅಲ್ಲಿನ ಮಾತಿಗೆ ಡೋರಿಕ್ ಅನ್ನುತ್ತಾರೆ. ಪ್ರಶ್ನೆ ಕೇಳುವ ಪದಗಳೆಲ್ಲ ಅಲ್ಲಿ ಫಕಾರದಿಂದ ಶುರು. ‘ಫಿಟ್’ ಏನು, ‘ಫಾರ್’ ಎಲ್ಲಿ, ‘ಫ್ಯಾನ್’ ಯಾವಾಗ, ‘ಫಾ’ ಯಾರು, ‘ಫೂ’ ಹೇಗೆ. ಬಾಗಿಲು ತೆಗೆದವರು ‘ಫಿಟ್ ಲೈಕ್?’ ಅಂದರೆ ಹೇಗಿದ್ದೀರಿ ಅಂತ. ಹುಡುಗ ‘ಲೂನ್’, ಹುಡುಗಿ ‘ಕ್ವೈನ್’. ಗ್ಲಾಸ್ಗೋದ ಬಿಡಿ ‘ನೋ’ ಅಲ್ಲಿ ‘ನೇ’ ಆಗುತ್ತದೆ. ಅಲ್ಲಿ ಮೊದಲ ವಾರ ಬೇರೆ ಏನನ್ನೂ ಕಲಿಯಲು ಹೋಗಲಿಲ್ಲ. ಆ ಐದು ಪದ ಮತ್ತು ‘ನೇ’, ಅಷ್ಟೇ. ಕೇಳುತ್ತಿರುವುದು ಯಾವ ಪ್ರಶ್ನೆ ಅಂತ ಗೊತ್ತಾದರೆ ಉಳಿದದ್ದನ್ನು ಕೈಯಲ್ಲಿರುವ ಚೀಟಿಯೇ ಹೇಳುತ್ತದೆ.

ಡಂಡೀಯಲ್ಲಿ ಐ ಎಲ್ಲ ‘ಎ’ ಆಗುತ್ತದೆ, ಪೈ ಅಲ್ಲಿ ‘ಪೆ’. ಇನ್ವರ್ನೆಸ್ ಸುಲಭ. ಆ ಸೀಮೆಯ ಹಳೇ ಮನೆಮಾತು ಗೇಲಿಕ್. ಇಂಗ್ಲಿಷನ್ನು ಶಾಲೆಯಲ್ಲಿ ಕಲಿತವರ ಮಾತು ಅದು, ನಮ್ಮ ಹಾಗೇ.

ಇದು ಕೆಟ್ಟ ಇಂಗ್ಲಿಷ್ ಅಂತ ತಮಾಷೆ ಮಾಡುವವರನ್ನು ಕಂಡರೆ ನನಗಾಗದು. ಈ ಮಾತಿನ ಹೆಸರು ಸ್ಕಾಟ್ಸ್, ಅದು ತನ್ನದೇ ಇತಿಹಾಸವಿರುವ ಭಾಷೆ. 2011ರ ಜನಗಣತಿಯಲ್ಲಿ ಸುಮಾರು 15 ಲಕ್ಷ ಜನ ಸ್ಕಾಟ್ಸ್ ಮಾತಾಡುತ್ತೇವೆ ಅಂದರು. 2025ರ ಕಾನೂನು ಅದಕ್ಕೆ ಅಧಿಕೃತ ಸ್ಥಾನ ಕೊಟ್ಟಿತು. ಆದರೆ ಇವತ್ತಿನ ಅಜ್ಜ ಅಜ್ಜಿಯರಲ್ಲಿ ಎಷ್ಟೋ ಜನ ಶಾಲೆಯಲ್ಲಿ ಹೀಗೆ ಮಾತಾಡಿದ್ದಕ್ಕೆ ಬೈಗುಳ, ಏಟು ತಿಂದವರು. ನಾನು ‘ಸಾರಿ?’ ಅಂದ ಕೂಡಲೇ ಅವರು ಸೆಟೆದು ನಿಂತು ಪುಸ್ತಕದ ಇಂಗ್ಲಿಷಿಗೆ ಹೊರಳುತ್ತಾರೆ. ಮಾತು ಸ್ಪಷ್ಟವಾಗುತ್ತದೆ, ಆದರೆ ಮೂರು ವಾಕ್ಯದಲ್ಲಿ ಹೇಳುತ್ತಿದ್ದ ಕಾಯಿಲೆ ಒಂದು ವಾಕ್ಯಕ್ಕೆ ಇಳಿಯುತ್ತದೆ. ನನಗೆ ಬೇಕಾದದ್ದು ಬಿಟ್ಟುಹೋದ ಆ ಎರಡು ವಾಕ್ಯದಲ್ಲೇ ಇರುತ್ತದೆ. ಅದಕ್ಕೇ ಈಗ ‘ಸಾರಿ’ ಅನ್ನುವುದಿಲ್ಲ. ಅರ್ಥವಾದಷ್ಟನ್ನು ತಿರುಗಿ ಹೇಳುತ್ತೇನೆ: ‘ಕಾಲು ಊದಿದೆ, ಸೋಮವಾರದಿಂದ ಅಂದ್ರಿ. ಆಮೇಲೆ?’ ಆಗ ಅವರು ತಮ್ಮ ಮಾತಿನಲ್ಲೇ ಮುಂದುವರಿಸುತ್ತಾರೆ.

ಅವರ ಹಾಗೆ ಮಾತಾಡಲು ಹೋಗುವುದಿಲ್ಲ. ಅದು ಅಣಕದ ಹಾಗೆ ಕೇಳುತ್ತದೆ. ‘ಜ್ಯಾಗ್’ ಒಂದನ್ನು ಮಾತ್ರ ನಾನೂ ಬಳಸುತ್ತೇನೆ, ಇಂಜೆಕ್ಷನ್ ಅಂದರೆ ಮಕ್ಕಳು ಜಾಸ್ತಿ ಹೆದರುತ್ತವೆ.

ಮನೆಯಲ್ಲಿ ಅಭ್ಯಾಸಕ್ಕೆ ಬಿಬಿಸಿ ರೇಡಿಯೋ ಸ್ಕಾಟ್ಲೆಂಡಿನಲ್ಲಿ ಜನ ಫೋನ್ ಮಾಡಿ ಫುಟ್‌ಬಾಲ್ ಬಗ್ಗೆ ಜಗಳವಾಡುವ ಕಾರ್ಯಕ್ರಮ ಹಾಕುತ್ತಿದ್ದೆ. ಸಿಟ್ಟಿನಲ್ಲಿ ಯಾರೂ ಪುಸ್ತಕದ ಭಾಷೆ ಆಡುವುದಿಲ್ಲ. ಗ್ಲಾಸ್ಗೋ ವಿಶ್ವವಿದ್ಯಾಲಯದವರ ‘ಸ್ಕಾಟ್ಸ್ ಸಿಂಟ್ಯಾಕ್ಸ್ ಅಟ್ಲಾಸ್’ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ, ಯಾವ ಊರಿನವರು ಹೇಗೆ ಹೇಳುತ್ತಾರೆ ಅಂತ ನಕ್ಷೆಯ ಮೇಲೇ ನೋಡಬಹುದು.

ಫೋನ್ ಮಾತ್ರ ಇವತ್ತಿಗೂ ಕಷ್ಟ, ಅದರಲ್ಲೂ ಹೆಸರುಗಳು. ಕೇಳಿಸಿದ್ದು ‘ಮಿಂಗಿಸ್’, ಕಂಪ್ಯೂಟರಿನಲ್ಲಿ ಇರುವುದು ‘ಮೆನ್ಜೀಸ್’ ಅಂತ ಓದುವ ಹಾಗೆ. ‘ಡೀಎಲ್’ ಅನ್ನೋ ಹೆಸರಿನ ನಡುವೆಯೂ ಒಂದು ಜಡ್ ಕೂತಿರುತ್ತದೆ. ಯೋಖ್ ಅನ್ನೋ ಹಳೇ ಅಕ್ಷರ ಅಚ್ಚಿನ ಮೊಳೆಗಳಲ್ಲಿ ಇಲ್ಲದ ಕಾರಣ ಮುದ್ರಕರು ಜಡ್ ಹಾಕಿ ಬಿಟ್ಟ ಫಲ ಇದು. ಊರಿನ ಹೆಸರೂ ಅಷ್ಟೇ: ‘ಮಲ್ಗೈ’ಯನ್ನು ಬರೆಯುವುದು ‘ಮಿಲ್ನ್‌ಗಾವಿ’ ಅಂತ. ಕೇಳಿದ್ದನ್ನು ಟೈಪ್ ಮಾಡಿ ಹುಡುಕಿದರೆ ಏನೂ ಸಿಗುವುದಿಲ್ಲ. ನಾನು ಮೊದಲು ಹುಟ್ಟಿದ ದಿನ ಕೇಳುತ್ತೇನೆ, ಆಮೇಲೆ ಪೋಸ್ಟ್‌ಕೋಡ್. ಅಷ್ಟರಲ್ಲಿ ಪರದೆ ಮೇಲೆ ಒಂದೋ ಎರಡೋ ಹೆಸರು ಉಳಿದಿರುತ್ತದೆ.